ಮೊದಲು ಹೂವನ್ನು ಮಗುಚಿ ನೋಡಿ

2009ರಲ್ಲಿ ಜರ್ಮನಿಯ ಹ್ಯಾನೋವರ್‌ನಲ್ಲಿ ಮಾರಾಟಕ್ಕಿಟ್ಟಿದ್ದ ರುಕೋಲಾ ಸೊಪ್ಪಿನ ಪೊಟ್ಟಣದಲ್ಲಿ ಬೇರೊಂದು ಗಿಡದ ಎಲೆ ಸಿಕ್ಕಿತು. ಗ್ರೌಂಡ್‌ಸೆಲ್ ಎಂಬ ಕಳೆ ಅದು. ಸಸ್ಯಶಾಸ್ತ್ರದಲ್ಲಿ ಸೆನೆಸಿಯೊ ವಲ್ಗ್ಯಾರಿಸ್. ಅಂಚು ಸೀಳಿದ ಎಲೆ ಎರಡಕ್ಕೂ ಇದೆ. ರುಕೋಲಾ ಸಾಸಿವೆಯ ಕುಟುಂಬದ್ದು, ಹಸಿಯಾಗಿಯೇ ತಿನ್ನುತ್ತಾರೆ. ಗ್ರೌಂಡ್‌ಸೆಲ್ ಸೇವಂತಿಗೆಯ ಕುಟುಂಬದ್ದು, ಲಿವರ್ ಕೆಡಿಸುತ್ತದೆ. ಹೂಬಿಟ್ಟಾಗ ಇವೆರಡನ್ನೂ ಮಗು ಕೂಡ ಬೇರೆ ಮಾಡೀತು; ಪೊಟ್ಟಣದಲ್ಲಿ ಇರುವುದು ಎಲೆ ಮಾತ್ರ.

ಈ ಸುದ್ದಿ ನನಗೆ ಮತ್ತೆ ಮತ್ತೆ ನೆನಪಾಗಲು ಕಾರಣ ನಮ್ಮ ಮನೆಯ ವಾಟ್ಸ್ಆ್ಯಪ್ ಗುಂಪು. ಮಳೆಗಾಲ ಶುರುವಾದರೆ ಸಾಕು, ಕಾಡುಸೊಪ್ಪಿನ ಪಟಗಳು ಬಂದು ಬೀಳುತ್ತವೆ. ತಂಬುಳಿಗೆ ಇದು, ಸಕ್ಕರೆ ಕಾಯಿಲೆಗೆ ಅದು, ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಇನ್ನೊಂದರ ಕಷಾಯ. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳಿ ನಿವೃತ್ತಳಾದವಳು ಎಂಬ ಕಾರಣಕ್ಕೆ ಅತ್ತಿಗೆ ಪಟದ ಕೆಳಗೆ ಬರೆಯುತ್ತಾರೆ: "ಇದು ತಿನ್ನಬಹುದಾ, ನೋಡಿ ಹೇಳು ಮಾರಾಯ್ತಿ." ಪಟದಲ್ಲಿ ಹೂವಿನ ಮುಖ ಇರುತ್ತದೆ. ನನಗೆ ಬೇಕಾದ್ದು ಅದರ ಬೆನ್ನು.

ಸೇವಂತಿಗೆ ಕುಟುಂಬದ 'ಹೂವು' ಎಂದರೆ ಅನೇಕ ಪುಟ್ಟ ಹೂಗಳ ಗೊಂಚಲು. ಅದನ್ನು ಮಗುಚಿದರೆ ಹಸಿರು ಪತ್ರಕಗಳ ಬಟ್ಟಲು ಕಾಣುತ್ತದೆ. ಸೇವಂತಿಗೆಯಲ್ಲಿ ಈ ಪತ್ರಕಗಳು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಸಾಲುಸಾಲಾಗಿರುತ್ತವೆ. ಸೆನೆಸಿಯೊ ಪಂಗಡದಲ್ಲಿ ಸಾಮಾನ್ಯವಾಗಿ ಒಂದೇ ಸಾಲು, ಒಂದೇ ಉದ್ದ. ಹಲವುಗಳಲ್ಲಿ ಆ ಸಾಲಿನ ಬುಡಕ್ಕೆ ಇನ್ನೂ ಚಿಕ್ಕ ಪತ್ರಕಗಳ ಉಂಗುರವಿರುತ್ತದೆ. ಗ್ರೌಂಡ್‌ಸೆಲ್‌ನಲ್ಲಿ ಅವುಗಳ ತುದಿ ಕಪ್ಪು, ಮಸಿ ತಾಗಿಸಿದ ಹಾಗೆ. ಇಷ್ಟು ಕಾಣಲು ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ಸಾಕು.

ಬಣ್ಣ, ಎಸಳು, ಎತ್ತರ ನಂಬಿದವರು ಈ ಪಂಗಡದಲ್ಲಿ ದಾರಿ ತಪ್ಪುತ್ತಾರೆ ಎಂಬುದಕ್ಕೆ ಇಂಗ್ಲೆಂಡಿನ ಮೂರು ಗಿಡಗಳ ಕಥೆ ಸಾಕ್ಷಿ. ಅಲ್ಲಿನ ಹುಲ್ಲುಗಾವಲಿನ ರ‍್ಯಾಗ್‌ವರ್ಟ್‌ಗೆ ಹಳದಿ ಎಸಳು. ಗೋಡೆಸಂದಿನ ಆಕ್ಸ್‌ಫರ್ಡ್ ರ‍್ಯಾಗ್‌ವರ್ಟ್‌ಗೂ ಹಳದಿ ಎಸಳು. ಗ್ರೌಂಡ್‌ಸೆಲ್‌ಗೆ ಸಾಮಾನ್ಯವಾಗಿ ಎಸಳೇ ಇಲ್ಲ. ನೋಡಿದವರು ಮೊದಲೆರಡನ್ನು ಅಕ್ಕತಂಗಿ ಎನ್ನುತ್ತಾರೆ. ಡಿಎನ್‌ಎ ಹೇಳಿದ್ದು ಬೇರೆ: ಹುಲ್ಲುಗಾವಲಿನದನ್ನು ಸೆನೆಸಿಯೊ ಕುಲದಿಂದಲೇ ಹೊರಗೆ ಕಳಿಸಿ ಜಾಕೋಬಿಯಾ ಕುಲಕ್ಕೆ ಸೇರಿಸಿದ್ದಾರೆ. ಆಕ್ಸ್‌ಫರ್ಡಿನದು ಗ್ರೌಂಡ್‌ಸೆಲ್ ಜತೆ ಸೆನೆಸಿಯೊದಲ್ಲೇ ಉಳಿಯಿತು.

ಆಕ್ಸ್‌ಫರ್ಡಿನ ಗಿಡದ ಮೂಲ ಸಿಸಿಲಿಯ ಎಟ್ನಾ ಜ್ವಾಲಾಮುಖಿ. ಅಲ್ಲಿನ ಎರಡು ಪ್ರಭೇದಗಳ ಮಿಶ್ರತಳಿ ಹದಿನೆಂಟನೆಯ ಶತಮಾನದ ಆರಂಭದ ಹೊತ್ತಿಗೆ ಆಕ್ಸ್‌ಫರ್ಡಿನ ಸಸ್ಯೋದ್ಯಾನದಲ್ಲಿತ್ತು. ತೋಟದಿಂದ ಊರಿನ ಗೋಡೆಗಳಿಗೆ ಹಾರಿತು. 1844ರಲ್ಲಿ ಊರಿಗೆ ರೈಲು ಬಂದ ಮೇಲೆ ಹಳಿಯ ಪಕ್ಕದ ಜಲ್ಲಿ, ಕಿಟ್ಟಗಳಲ್ಲಿ ತನ್ನ ಲಾವಾ ನೆಲವನ್ನೇ ಕಂಡಿತೋ ಏನೋ, ದೇಶವೆಲ್ಲ ಹಬ್ಬಿತು. ಹೋದಲ್ಲೆಲ್ಲ ಗ್ರೌಂಡ್‌ಸೆಲ್ ಜತೆ ಕೂಡಿತು. ಗ್ರೌಂಡ್‌ಸೆಲ್‌ಗೆ 40 ಕ್ರೋಮೋಸೋಮ್, ಇದಕ್ಕೆ 20. ವೇಲ್ಸ್‌ನಲ್ಲಿ 1948ರಲ್ಲಿ ಸಿಕ್ಕ ಒಂದು ಹೊಸ ಗಿಡದಲ್ಲಿ 60. ಎರಡೂ ಪಾಲು ಪೂರ್ತಿಯಾಗಿ ಕೂಡಿ ಹುಟ್ಟಿದ ಹೊಸ ಪ್ರಭೇದ! 1979ರಲ್ಲಿ ಯಾರ್ಕ್‌ನ ರೈಲು ನಿಲ್ದಾಣದ ಬಳಿಯ ಕಾರು ನಿಲ್ದಾಣದಲ್ಲಿ ಇನ್ನೊಂದು ಕಂಡಿತು, ಅದೂ ಇದೇ ಜೋಡಿಯ ಸಂತಾನ. ಕೆಲವು ದಶಕಗಳಲ್ಲಿ ಅದು ಅಳಿದುಹೋಯಿತು. ಶೇಖರಿಸಿಟ್ಟಿದ್ದ ಬೀಜದಿಂದ 2023ರಲ್ಲಿ ಮತ್ತೆ ಯಾರ್ಕ್‌ನ ನೆಲಕ್ಕಿಳಿಸಿದರು. ಕಳೆಯೊಂದನ್ನು ಜೋಪಾನವಾಗಿ ಬಿತ್ತುವುದು ನಮ್ಮ ರೈತರಿಗೆ ನಗು ತರಿಸೀತು. ಇನ್ನೂ ಒಂದು ತಮಾಷೆ: ಅಪರೂಪಕ್ಕೆ ಗ್ರೌಂಡ್‌ಸೆಲ್‌ನಲ್ಲಿ ಎಸಳು ಕಾಣಿಸಿದರೆ ಆ ಎಸಳಿನ ಜೀನ್ ಕೂಡ ಆಕ್ಸ್‌ಫರ್ಡಿನ ನೆಂಟನಿಂದ ಬಂದದ್ದು.

"ಹೆಸರು ಬದಲಿಸುವುದೇ ನಿಮ್ಮ ಉದ್ಯೋಗ" ಎಂದು ನನ್ನ ವಿದ್ಯಾರ್ಥಿಗಳು ಗೊಣಗುತ್ತಿದ್ದರು. ಬಾಯಿಪಾಠ ಮಾಡುವವರ ಸಂಕಟ ನಿಜವೇ. ಆದರೆ ವರ್ಗೀಕರಣ ಲೇಬಲ್ ಅಂಟಿಸುವ ಕೆಲಸವಲ್ಲ, ಮುಂದಾಗಿ ಹೇಳುವ ಕೆಲಸ. ಯಾರು ಯಾರಿಗೆ ನೆಂಟರು ಎಂದು ತಿಳಿದರೆ ಯಾರ ಹೊಟ್ಟೆಯಲ್ಲಿ ಏನಿದ್ದೀತು ಎಂದೂ ಊಹಿಸಬಹುದು. ಈ ಪಂಗಡದ ಬಹಳಷ್ಟು ಗಿಡಗಳು ಪಿರೊಲಿಜಿಡಿನ್ ಆಲ್ಕಲಾಯ್ಡ್ ಎಂಬ ವಿಷ ತಯಾರಿಸುತ್ತವೆ. ಅದನ್ನು ಅರಗಿಸಲು ಹೊರಟ ಲಿವರ್ ತಾನೇ ಅದನ್ನು ಇನ್ನಷ್ಟು ಅಪಾಯದ ರೂಪಕ್ಕೆ ತಿರುಗಿಸಿಕೊಳ್ಳುತ್ತದೆ. ಒಳಗಿನ ಸಣ್ಣ ರಕ್ತನಾಳಗಳು ಮುಚ್ಚುತ್ತವೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಗೋಧಿಯ ಜತೆ ಸೆನೆಸಿಯೊ ಬೆರೆತು, ಅದರ ರೊಟ್ಟಿ ತಿಂದವರು ಸತ್ತದ್ದನ್ನು 1920ರಲ್ಲೇ ವೈದ್ಯರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದ್ದರು. ಬೇಯಿಸಿದರೆ ಹೋಗುತ್ತದೆ ಎನ್ನುವವರು ಗಮನಿಸಬೇಕು: ಅದು ಒಲೆಯಲ್ಲಿ ಸುಟ್ಟ ರೊಟ್ಟಿ.

ಇಂಥದ್ದು ನಮ್ಮ ದೇಶಕ್ಕೂ ಹೊಸದಲ್ಲ. ಎಪ್ಪತ್ತರ ದಶಕದಲ್ಲಿ ಆಗಿನ ಮಧ್ಯಪ್ರದೇಶದ ಸರಗುಜಾದಲ್ಲಿ ಕಿರುಧಾನ್ಯಕ್ಕೆ ಅಪ್ಸೆಣಬಿನ ಕುಲದ ಕಾಡುಬೀಜ ಬೆರೆತು ಹಳ್ಳಿಯ ಜನ ಸತ್ತರು. ಗಿಡ ಬೇರೆ ಕುಟುಂಬದ್ದು, ವಿಷದ ವರ್ಗ ಇದೇ.

ಈಗ ಮಲೆನಾಡಿಗೆ ಬರುತ್ತೇನೆ. ಕಾಫಿ ತೋಟದಲ್ಲಿ, ಕಾಡು ಕಡಿದ ಜಾಗದಲ್ಲಿ ಇಟ್ಟಿಗೆಗೆಂಪು ಹೂವನ್ನು ತಲೆ ಬಗ್ಗಿಸಿ ತೂಗಿಬಿಡುವ, ಮೆತ್ತನೆಯ ಕಾಂಡದ ಒಂದು ಕಳೆ ಎಲ್ಲರಿಗೂ ಗೊತ್ತು. ಆಫ್ರಿಕಾದಿಂದ ಬಂದ ಕ್ರಾಸೊಸೆಫಲಮ್ ಅದು. ರ‍್ಯಾಗ್‌ವರ್ಟ್‌ನ ಹೆಸರಿನಿಂದಲೇ ಕರೆಯುವ ಜಾಕೋಬಿನ್ ಎಂಬ ವಿಷ ಇದರಲ್ಲೂ ಸಿಕ್ಕಿದೆ. ಗದ್ದೆಯ ಬದುವಿನ ಇಲಿಕಿವಿ ಸೊಪ್ಪು, ನೇರಳೆ ಕುಚ್ಚಿನ ಎಮಿಲಿಯಾ, ಇದೇ ಪಂಗಡದ್ದು. ಅದರಲ್ಲಿ ಸೆಂಕಿರ್ಕಿನ್ ಎಂಬ ವಿಷ ಇದೆ. ಕೇರಳದ ದಶಪುಷ್ಪದಲ್ಲಿ ಅದಕ್ಕೆ ಸ್ಥಾನವಿದೆ, ಆಫ್ರಿಕಾದಲ್ಲೂ ನಮ್ಮ ಈಶಾನ್ಯದಲ್ಲೂ ಕ್ರಾಸೊಸೆಫಲಮ್ ಬೇಯಿಸಿ ತಿನ್ನುವವರಿದ್ದಾರೆ, ಎಲ್ಲ ನಿಜ. ಒಂದು ಹಿಡಿ ತಿಂದವರು ನಾಳೆಯೇ ಆಸ್ಪತ್ರೆ ಸೇರುತ್ತಾರೆ ಎಂದು ನಾನು ಹೆದರಿಸುತ್ತಿಲ್ಲ. ಗಿಡದಿಂದ ಗಿಡಕ್ಕೆ ವಿಷದ ಪ್ರಮಾಣ ಬದಲಾಗುತ್ತದೆ. ನನ್ನ ತಕರಾರು ಆ 'ದಿನಾ ಖಾಲಿ ಹೊಟ್ಟೆಗೆ' ಎಂಬ ಸಲಹೆಯ ಮೇಲೆ, ಅದನ್ನು ಬಸುರಿಯರಿಗೂ ಮಕ್ಕಳಿಗೂ ಹೇಳುವ ಧೈರ್ಯದ ಮೇಲೆ. ಜರ್ಮನಿ 1992ರಲ್ಲೇ ಗಿಡಮೂಲಿಕೆ ಔಷಧಗಳಲ್ಲಿ ಈ ವಿಷಕ್ಕೆ ದಿನಕ್ಕೆ ಮೈಕ್ರೋಗ್ರಾಂ ಲೆಕ್ಕದ ಮಿತಿ ಹಾಕಿತು.

ಇಲಿಕಿವಿ ಎಂದರೆ ಯಾವುದು ಎಂಬುದೂ ತೀರ್ಮಾನವಾಗಬೇಕು. ನೆಲಕ್ಕೆ ಹಬ್ಬುವ, ಗೆಣಸಿನ ಕುಟುಂಬದ ಇನ್ನೊಂದು ಗಿಡಕ್ಕೂ ಜನ ಇದೇ ಹೆಸರು ಹೇಳುತ್ತಾರೆ. ಫಾರ್ವರ್ಡ್ ಆದ ಸಂದೇಶ ಯಾವುದನ್ನು ಹೇಳುತ್ತಿದೆ?

ಬೆರಕೆ ಸೊಪ್ಪು ಕೊಯ್ಯುವ ಹೆಂಗಸರ ವಿಷಯದಲ್ಲಿ ನನಗೆ ಈ ಅಂಜಿಕೆ ಇಲ್ಲ. ಅವರು ಎಲೆ ಮುರಿದು ಮೂಸುತ್ತಾರೆ, ಹಾಲು ಬರುತ್ತದೋ ನೋಡುತ್ತಾರೆ, ಹೂಬಿಟ್ಟ ಗಿಡವನ್ನೂ ಮೊಳಕೆಯನ್ನೂ ಬಲ್ಲರು. ಹತ್ತಾರು ಸೊಪ್ಪು ಬೆರೆಸುವುದರಿಂದ ಯಾವುದೂ ಹೆಚ್ಚಾಗಿ ಹೊಟ್ಟೆ ಸೇರುವುದಿಲ್ಲ. ಅಂಜಿಕೆ ಇರುವುದು ಫೋನಿನ ಆ್ಯಪ್ ನಂಬಿ ತೋಟಕ್ಕಿಳಿಯುವ ನಮ್ಮಂಥ ಓದಿದವರ ಬಗ್ಗೆ. ಆ್ಯಪ್‌ಗೆ ತೋರಿಸಿದ್ದಷ್ಟೇ ಕಾಣುತ್ತದೆ, ನಾವು ತೋರಿಸುವುದು ಹೂವಿನ ಮುಖ.

ಕಾಡುಸೊಪ್ಪಿನ ಮೇಳ ನಡೆಸುವವರಲ್ಲಿ ನನ್ನ ಬೇಡಿಕೆ ಎರಡು. ತಟ್ಟೆಯಲ್ಲಿಟ್ಟ ಪ್ರತಿ ಸೊಪ್ಪಿನ ಪಕ್ಕ ಅದರ ಸಸ್ಯಶಾಸ್ತ್ರೀಯ ಹೆಸರಿರಲಿ, ಹೂಬಿಟ್ಟ ಒಂದು ಗಿಡ ಬೇರುಸಹಿತ ಇರಲಿ. ಇದೇನೂ ದುಬಾರಿ ಅಲ್ಲ. ಸಲ್ಡಾನ್ಹಾ ಮತ್ತು ನಿಕೋಲ್ಸನ್ 1976ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಸಸ್ಯಕೋಶ ಇಂದಿಗೂ ನನ್ನ ಮೇಜಿನ ಮೇಲಿದೆ. ಅದನ್ನು ಬಳಸಲು ಬರುವ ಹುಡುಗರು ಪದವಿ ಕಾಲೇಜುಗಳಲ್ಲಿ ಕಡಿಮೆಯಾಗುತ್ತಿದ್ದಾರೆ. ಪ್ರಾಯೋಗಿಕ ತರಗತಿ ಎಂದರೆ ಪವರ್‌ಪಾಯಿಂಟ್ ಆಗಿಬಿಟ್ಟಿದೆ. ಇರುವವರನ್ನು ಕರೆದು, ಬೆರಕೆ ಸೊಪ್ಪಿನ ಅಜ್ಜಿಯ ಪಕ್ಕ ಒಂದು ಕುರ್ಚಿ ಹಾಕಿ, ಇಬ್ಬರಿಗೂ ಸಮನಾಗಿ ಗೌರವಧನ ಕೊಡಿ.