ಯಾರ ದಾಖಲೆಗೆ ಕಡಿತ?

ಕ್ರಿಕೆಟ್ಟಿಗೆ ಒಗ್ಗಿದ ನಮ್ಮ ಓದುಗರಿಗೆ ಅಮೆರಿಕದ ಬೇಸ್‌ಬಾಲ್ ದೂರದ ಮಾತೆನಿಸೀತು. ಆದರೂ 2024ರ ಮೇ ತಿಂಗಳಲ್ಲಿ ಅಲ್ಲಿನ ಮೇಜರ್ ಲೀಗ್ ಮಾಡಿದ ತಿದ್ದುಪಡಿಯೊಂದನ್ನು ಕುರಿತು ನಾಲ್ಕು ಮಾತು ಬರೆಯಲೇಬೇಕೆನಿಸಿದೆ. 1920ರಿಂದ 1948ರವರೆಗಿನ ‘ನೀಗ್ರೋ ಲೀಗ್’ಗಳ, ಅಂದರೆ ಬಿಳಿಯರ ಮೈದಾನದಿಂದ ಹೊರಗಿಡಲ್ಪಟ್ಟ ಕಪ್ಪುಜನರ ಪಂದ್ಯಾವಳಿಗಳ ಅಂಕಿಅಂಶಗಳು ಆಗ ಅಧಿಕೃತ ದಾಖಲೆಯನ್ನು ಸೇರಿದವು. ಜೋಶ್ ಗಿಬ್ಸನ್ ಎಂಬ ಕ್ಯಾಚರ್ .372ರ ಬ್ಯಾಟಿಂಗ್ ಸರಾಸರಿಯೊಡನೆ ಟೈ ಕಾಬ್‌ನ .367ನ್ನು ಹಿಂದಿಕ್ಕಿ ಮೊದಲ ಸ್ಥಾನಕ್ಕೇರಿದ. ಆತ ತೀರಿಕೊಂಡದ್ದು 1947ರ ಜನವರಿಯಲ್ಲಿ, ತನ್ನ ಮೂವತ್ತೈದನೆಯ ವಯಸ್ಸಿನಲ್ಲಿ. ಜಾಕಿ ರಾಬಿನ್ಸನ್ ವರ್ಣದ ಬೇಲಿ ದಾಟಿದ್ದು ಅದೇ ಏಪ್ರಿಲ್‌ನಲ್ಲಿ.

ಆ ಲೀಗುಗಳ ಋತು ಚಿಕ್ಕದು, ಎದುರಾಳಿಗಳೂ ಸಮಬಲರಲ್ಲ. ಆದ್ದರಿಂದ ಗಿಬ್ಸನ್‌ನ ಅಂಕಿಯಲ್ಲಿ ಒಂದಿಷ್ಟು ಕಳೆಯಬೇಕೆಂಬ ವಾದವಿದೆ. ಕಳೆಯೋಣ. (ಹೊಟ್ಟೆಪಾಡಿಗೆಂದು ಆ ತಂಡಗಳು ಊರೂರು ಅಲೆದು ಆಡಿದ ಪ್ರದರ್ಶನ ಪಂದ್ಯಗಳು ಲೆಕ್ಕಕ್ಕೇ ಬಂದಿಲ್ಲವೆಂಬುದು ಬೇರೆ ಮಾತು.) ಆದರೆ ಅದೇ ಕಾಲದ ಬಿಳಿಯ ಕ್ಯಾಚರುಗಳಾದ ಮಿಕಿ ಕಾಕ್ರನ್ (.320), ಬಿಲ್ ಡಿಕಿ (.313) ಇವರ ಅಂಕಿಗಳಲ್ಲಿ ಎಷ್ಟು ಕಳೆಯೋಣ? ಸ್ಯಾಚೆಲ್ ಪೇಜ್‌ನಂಥ ಪಿಚರನನ್ನು ಲೀಗ್ ಪಂದ್ಯದಲ್ಲಿ ಅವರು ಒಮ್ಮೆಯೂ ಎದುರಿಸಲಿಲ್ಲ. ಈ ಪ್ರಶ್ನೆಯನ್ನು ಕೇಳುವವರು ಮಾತ್ರ ವಿರಳ.

ಅಲ್ಲದೆ ಕ್ಯಾಚರನ ಕೆಲಸ ಪೂರ್ತಿಯಾಗಿ ಅಂಕಿಗೆ ಸಿಕ್ಕುವಂಥದಲ್ಲ. ನಮ್ಮ ವಿಕೆಟ್‌ಕೀಪರನಂತೆ ಬ್ಯಾಟುಗಾರನ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ಪಿಚರ್ ಎಂಥ ಚೆಂಡು ಎಸೆಯಬೇಕೆಂದು ಬೆರಳ ಸನ್ನೆಯಿಂದ ಸೂಚಿಸುವವನೂ ಅವನೇ. ಈ ವಿದ್ಯೆಯಲ್ಲಿ ಬಿಜ್ ಮ್ಯಾಕಿ ಗುರುವೆನಿಸಿದ್ದ. 1937ರಲ್ಲಿ ಎಲೀಟ್ ಜೈಂಟ್ಸ್ ತಂಡ ಸೇರಿದ ಹದಿನೈದರ ಬಾಲಕ ರಾಯ್ ಕ್ಯಾಂಪನೆಲ್ಲಾನನ್ನು ತಿದ್ದಿ ತೀಡಿದವನು ಈತ. ಶಿಷ್ಯನಿಗೆ 1969ರಲ್ಲೇ ತೆರೆದ ‘ಹಾಲ್ ಆಫ್ ಫೇಮ್’ನ ಬಾಗಿಲು ಗುರುವಿಗೆ ತೆರೆದದ್ದು 2006ರಲ್ಲಿ, ಅವನು ಸತ್ತು ಆಗ ನಾಲ್ಕು ದಶಕಗಳಾಗಿದ್ದವು.

1948ರಲ್ಲಿ ಕ್ಯಾಂಪನೆಲ್ಲಾ ಬ್ರೂಕ್ಲಿನ್ ಡಾಜರ್ಸ್ ಪರ ಮೇಜರ್ ಲೀಗಿಗೆ ಇಳಿದಾಗ ಹೋಲಿಕೆಗೊಂದು ನ್ಯಾಯವಾದ ತಕ್ಕಡಿ ದೊರೆಯಿತು. ಅದೇ ನ್ಯೂಯಾರ್ಕ್ ನಗರದಲ್ಲಿ ಯಾಂಕೀಸ್ ತಂಡದ ಬಿಳಿಯ ಕ್ಯಾಚರ್ ಯೋಗಿ ಬೆರ್ರಾ ಇದ್ದ. ತಂತಮ್ಮ ಲೀಗಿನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಇಬ್ಬರಿಗೂ ಮೂರು ಮೂರು ಬಾರಿ ಸಂದಿತು. 1951 ಮತ್ತು 1955ರಲ್ಲಂತೂ ಒಟ್ಟಿಗೇ. ಆದರೆ ಆ ಮೈದಾನ ಮುಟ್ಟುವ ಹೊತ್ತಿಗೆ ಕ್ಯಾಂಪನೆಲ್ಲಾನ ಮೊಣಕಾಲುಗಳು ಹತ್ತು ವರ್ಷಕ್ಕೂ ಮಿಕ್ಕಿ ಸವೆದಿದ್ದವು. 1958ರ ಜನವರಿಯ ಕಾರು ಅಪಘಾತ ಉಳಿದ ಆಟವನ್ನೂ ಕಸಿದುಕೊಂಡಿತು.

ಮುಕ್ತ ಲೀಗಿನಲ್ಲೇ ಬೆಳೆದ ಜಾನಿ ಬೆಂಚ್‌ನೇ ಸರ್ವಶ್ರೇಷ್ಠನೆಂದು ಹಲವರ ತೀರ್ಪು. ಅವನ ಹತ್ತು ಗೋಲ್ಡ್ ಗ್ಲೋವ್‌ಗಳನ್ನು ನಾನೂ ಮನ್ನಿಸುತ್ತೇನೆ. ಆದರೆ ಆ ಪ್ರಶಸ್ತಿ ಆರಂಭವಾದದ್ದೇ 1957ರಲ್ಲಿ. ಮ್ಯಾಕಿ ಮೈದಾನ ಬಿಟ್ಟು ಆಗಲೇ ಎಷ್ಟೋ ಕಾಲವಾಗಿತ್ತು.