ಇಪ್ಪತ್ತು–ಎಂಬತ್ತರ ಲೆಕ್ಕದಲ್ಲಿ ಘಟ್ಟದ ಮಕ್ಕಳಿಲ್ಲ

ಪದವಿ ತರಗತಿಗಳ ಆಂತರಿಕ ಅಂಕವನ್ನು 40ರಿಂದ 20ಕ್ಕೆ ಇಳಿಸಿ, ಸೆಮಿಸ್ಟರ್ ಕೊನೆಯ ಪರೀಕ್ಷೆಗೆ 60ರ ಬದಲು 80 ಕೊಟ್ಟದ್ದು ತಪ್ಪು ತೀರ್ಮಾನ. 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮೂರು ವರ್ಷಕ್ಕೆ ಮರಳಿದಾಗ ಜಗಳವೆಲ್ಲ ನಡೆದದ್ದು ಮೂರೋ ನಾಲ್ಕೋ ಎಂಬುದರ ಮೇಲೆ. ರಾಷ್ಟ್ರೀಯ ಶಿಕ್ಷಣ ನೀತಿಯ ಪರ ಒಂದು ಪಕ್ಷ, ರಾಜ್ಯದ ನೀತಿಯ ಪರ ಇನ್ನೊಂದು. ಅಂಕ ಹಂಚಿಕೆ ಬದಲಾದದ್ದು ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಬಿದ್ದದ್ದು ಮಕ್ಕಳ ಅಂಕಪಟ್ಟಿಯ ಮೇಲೆ.

ಲೆಕ್ಕ ಹಾಕಿ ನೋಡಿ. ವರ್ಷವಿಡೀ ಚೆನ್ನಾಗಿ ಓದಿ ಆಂತರಿಕ ಪರೀಕ್ಷೆಗಳಲ್ಲಿ ನೂರಕ್ಕೆ 75ರಂತೆ ಅಂಕ ತೆಗೆದ ಹುಡುಗಿ ಅಂತಿಮ ಪರೀಕ್ಷೆಯಲ್ಲಿ ನೂರಕ್ಕೆ 50ರಂತೆ ಬರೆದಳು ಎನ್ನೋಣ. ಹಳೆಯ ಲೆಕ್ಕದಲ್ಲಿ 30ಕ್ಕೆ 30 ಸೇರಿ 60, ಪ್ರಥಮ ದರ್ಜೆ. ಹೊಸ ಲೆಕ್ಕದಲ್ಲಿ 15ಕ್ಕೆ 40 ಸೇರಿ 55. ಹುಡುಗಿ ಅವಳೇ, ಓದು ಅದೇ, ಉತ್ತರ ಪತ್ರಿಕೆಯೂ ಅದೇ. ದರ್ಜೆ ಮಾತ್ರ ಕೈತಪ್ಪಿತು. ವರ್ಷವಿಡೀ ಕಡಿಮೆ ಮಾಡಿ ಕೊನೆಯ ಮೂರು ಗಂಟೆಯಲ್ಲಿ ಚೆನ್ನಾಗಿ ಬರೆದವನಿಗೆ ಇದೇ ಬದಲಾವಣೆಯಿಂದ ಐದು ಅಂಕ ಹೆಚ್ಚಾಗುತ್ತದೆ. ಅಂದರೆ ಸರ್ಕಾರ ಇಬ್ಬರಲ್ಲಿ ಒಬ್ಬರನ್ನು ಆರಿಸಿಕೊಂಡಿದೆ. ಯಾಕೆ ಆರಿಸಿಕೊಂಡೆ ಎಂದು ಅದು ಹೇಳಬೇಕು.

ಈ ಆಯ್ಕೆಯ ಪೆಟ್ಟು ನಮ್ಮ ಘಟ್ಟದ ಕಡೆ ಹೇಗೆ ಬೀಳುತ್ತದೆ ನೋಡಿ. ಮಾರನಹಳ್ಳಿಯಿಂದ ಸಕಲೇಶಪುರದ ಕಾಲೇಜಿಗೆ ಹೋಗುವ ಮಕ್ಕಳು ಶಿರಾಡಿ ಘಾಟಿಯ ಹೆದ್ದಾರಿಯನ್ನೇ ನಂಬಿದವರು. 2024ರ ಜುಲೈನಲ್ಲಿ ದೊಡ್ಡತಪ್ಪಲೆಯಲ್ಲಿ ಗುಡ್ಡ ಮತ್ತೆ ಮತ್ತೆ ಜರಿದು ಆ ರಸ್ತೆಯೇ ಬಂದ್ ಆಯಿತು. ಆಲೂರಿನ ಕಡೆ ಕಾಡಾನೆಯ ಕಾಟ; ತೋಟದ ಬದಿಯಲ್ಲಿ ಹಿಂಡು ನಿಂತಿದೆ ಎಂದು ಅರಣ್ಯ ಇಲಾಖೆಯ ಸಂದೇಶ ಬಂದರೆ ಬೆಳಗಿನ ಬಸ್ಸಿಗೆ ಮಕ್ಕಳನ್ನು ಕಳಿಸಲು ಯಾವ ತಾಯಿಗೂ ಧೈರ್ಯ ಬರುವುದಿಲ್ಲ. ಮಳೆ ಜೋರಾದರೆ ರಜೆ, ಕರೆಂಟು ಹೋದರೆ ರಾತ್ರಿಯ ಓದು ನಿಂತಿತು. ಇದೆಲ್ಲ ಪ್ರತಿ ವರ್ಷದ ಮಾತು.

ಆಂತರಿಕ ಪರೀಕ್ಷೆ ಇಂಥ ಅಡ್ಡಿಗಳನ್ನು ತಾಳಿಕೊಳ್ಳಬಲ್ಲದು. ಮೈಸೂರು ವಿಶ್ವವಿದ್ಯಾನಿಲಯದ ಬಳಕೆಯಲ್ಲಿ ಆಂತರಿಕ ಪರೀಕ್ಷೆಗಳಿಗೆ ಸಿ1, ಸಿ2 ಎನ್ನುತ್ತಾರೆ, ಸೆಮಿಸ್ಟರ್ ಕೊನೆಯ ಪರೀಕ್ಷೆಗೆ ಸಿ3. ಮಳೆಗೆ ಸಿ1 ತಪ್ಪಿದರೆ ಮುಂದಿನ ವಾರ ಬಾ ಎಂದು ಹೇಳುವ ಅಧಿಕಾರ ಪಾಠ ಮಾಡಿದ ಮೇಷ್ಟ್ರಿಗೇ ಇರುತ್ತದೆ. ಯಾವ ಹಾದಿಯಲ್ಲಿ ಮಣ್ಣು ಕುಸಿದಿದೆ ಎಂದು ಅವರಿಗೆ ಗೊತ್ತು. ಸಿ3 ಹಾಗಲ್ಲ. ಅದರ ವೇಳಾಪಟ್ಟಿ ಹಾಸನದ ವಿಶ್ವವಿದ್ಯಾನಿಲಯದಲ್ಲಿ ನಿಗದಿಯಾಗುತ್ತದೆ. ಎಷ್ಟೋ ಸಲ ಮಳೆಗಾಲಕ್ಕೇ ಬಂದು ಬೀಳುತ್ತದೆ. ತಪ್ಪಿದರೆ ಮುಂದಿನ ಪರೀಕ್ಷೆಯವರೆಗೆ ಕಾಯಬೇಕು. ತಾಳಿಕೊಳ್ಳುವ ಭಾಗವನ್ನು ಅರ್ಧಕ್ಕೆ ಇಳಿಸಿ, ತಾಳಿಕೊಳ್ಳದ ಭಾಗಕ್ಕೆ ನೂರರಲ್ಲಿ ಎಂಬತ್ತು ಕೊಟ್ಟರೆ ಘಟ್ಟದ ಸೆರಗಿನ ಮಕ್ಕಳಿಗೆ ಏನಾಗುತ್ತದೆ ಎಂದು ಊಹಿಸಲು ಆಯೋಗ ಬೇಕಿಲ್ಲ.

ಆಂತರಿಕ ಅಂಕ ಬರೀ ದಾನ, ಖಾಸಗಿ ಕಾಲೇಜುಗಳು ಎಲ್ಲರಿಗೂ 38 ಹಾಕಿ ಕಳಿಸುತ್ತವೆ ಎಂಬ ಆಕ್ಷೇಪ ಇದೆ. ಅದರಲ್ಲಿ ನಿಜವೂ ಇದೆ, ಒಪ್ಪುತ್ತೇನೆ. ಎಲ್ಲರಿಗೂ 36, 37, 38 ಎಂದು ಹಾಕಿದರೆ ಆ 40 ಅಂಕ ಯಾರನ್ನೂ ಯಾರಿಂದಲೂ ಬೇರೆ ಮಾಡುವುದಿಲ್ಲ. ಹೆಸರಿಗೆ ನಲವತ್ತು, ತೂಕ ಸೊನ್ನೆ. ಬೇರೆ ಮಾಡುವುದು ಕಾಲೇಜು ಕಾಲೇಜುಗಳನ್ನು ಮಾತ್ರ. ಬಿಗಿಯಾಗಿ ಅಳೆಯುವ ಮೇಷ್ಟ್ರು 26 ಕೊಟ್ಟ ಕಡೆ ಇನ್ನೊಂದು ಕಾಲೇಜು 38 ಕೊಟ್ಟರೆ 12 ಅಂಕದ ಅನ್ಯಾಯ. ಆದರೆ 20ಕ್ಕೆ ಇಳಿಸಿದರೂ ಅದು 13 ಮತ್ತು 19 ಆಗಿ ಆರು ಅಂಕದ ಅನ್ಯಾಯವಾಗಿ ಉಳಿಯುತ್ತದೆ. ಕೆಟ್ಟದ್ದು ಅರ್ಧವಾಯಿತು, ಜೊತೆಗೆ ಒಳ್ಳೆಯದೂ ಅರ್ಧವಾಯಿತು. ಇದನ್ನು ಸುಧಾರಣೆ ಎನ್ನಲು ನನ್ನಿಂದಾಗದು.

ಮಾಡಬೇಕಾದದ್ದು ಕಷ್ಟದ್ದೂ ಅಲ್ಲ. ಪ್ರತಿ ಕಾಲೇಜಿನ ಆಂತರಿಕ ಅಂಕದ ಸರಾಸರಿಯನ್ನು ಅದೇ ಮಕ್ಕಳ ಅಂತಿಮ ಪರೀಕ್ಷೆಯ ಸರಾಸರಿಯ ಪಕ್ಕಕ್ಕಿಟ್ಟು ನೋಡಿದರೆ ಎಲ್ಲಿ ಅಂಕ ಹಂಚಿದ್ದಾರೆ ಎಂಬುದು ಕಣ್ಣಿಗೆ ಕಾಣುತ್ತದೆ. ಅಲ್ಲಿನ ಉತ್ತರ ಪತ್ರಿಕೆಗಳನ್ನು ತರಿಸಿ ಮತ್ತೆ ನೋಡಲಿ. ಉಳಿದ ಕಡೆಯೂ ಸಿ1, ಸಿ2 ಪತ್ರಿಕೆಗಳನ್ನು ತಿದ್ದಿ ಮಕ್ಕಳ ಕೈಗೆ ಕೊಡುವುದು ಕಡ್ಡಾಯವಾಗಲಿ. ಹಾಜರಾತಿಗೆ ಅಂಕ ಕೊಡುವ ಪದ್ಧತಿ ಇರುವ ಕಡೆ ಅದನ್ನು ತೆಗೆದುಹಾಕಲಿ, ಏಕೆಂದರೆ ಅದು ಅಳೆಯುವುದು ಕಲಿಕೆಯನ್ನಲ್ಲ, ಬಸ್ಸನ್ನು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಈ ಕೆಲಸದ ಹೊರೆ ಹೊರುವವರು ಹೆಚ್ಚಾಗಿ ಅತಿಥಿ ಉಪನ್ಯಾಸಕರು. ಅವರಿಗೆ ತಿದ್ದುವ ಸಮಯಕ್ಕೂ ಸಂಭಾವನೆ ಸಿಗಬೇಕು.

ಸರಾಸರಿ ಹೋಲಿಸಿ ಅಂಕ ಸರಿಪಡಿಸುವುದು ಈ ರಾಜ್ಯಕ್ಕೆ ಹೊಸದಲ್ಲ. ಕೊರೊನಾ ಕಾಲದ 2021ರಲ್ಲಿ ಪಿಯು ಪರೀಕ್ಷೆ ನಡೆಯಲೇ ಇಲ್ಲ. ಎಸ್ಸೆಸ್ಸೆಲ್ಸಿಗೆ 45, ಪ್ರಥಮ ಪಿಯುಗೆ 45, ದ್ವಿತೀಯ ಪಿಯು ಆಂತರಿಕಕ್ಕೆ 10 ಎಂದು ತೂಕ ಕೊಟ್ಟು ಫಲಿತಾಂಶ ಮಾಡಿದರು. 2,239 ಮಕ್ಕಳಿಗೆ 600ಕ್ಕೆ 600 ಬಂತು. ಮರುವರ್ಷ ಆ 2021ರ ತಂಡದವರಲ್ಲಿ ಸುಮಾರು 24,000 ಮಂದಿ ಮತ್ತೆ ಸಿಇಟಿ ಬರೆದಾಗ ಪರೀಕ್ಷಾ ಪ್ರಾಧಿಕಾರ ಅವರ ಪಿಯು ಅಂಕವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಉಳಿದವರಿಗೆ ಅರ್ಧ ಪಿಯು, ಅರ್ಧ ಸಿಇಟಿ. ಇವರಿಗೆ ಸಿಇಟಿ ಮಾತ್ರ. ಮಕ್ಕಳು ಹೈಕೋರ್ಟಿಗೆ ಹೋದರು. 2022ರ ಸೆಪ್ಟೆಂಬರಿನಲ್ಲಿ ಏಕಸದಸ್ಯ ಪೀಠ ಆ ಕ್ರಮವನ್ನು ರದ್ದು ಮಾಡಿತು. ಮೇಲ್ಮನವಿಯಲ್ಲಿ, ಎರಡು ವರ್ಷಗಳ ಪಿಯು ಅಂಕಗಳನ್ನು ಹೋಲಿಸಿ ಹಳಬರ ಅಂಕದಲ್ಲಿ ಸರಾಸರಿ ಆರು ಕಳೆಯುವ ಸಮಿತಿಯ ಸೂತ್ರಕ್ಕೆ ಒಪ್ಪಿಗೆ ಸಿಕ್ಕಿತು. ಅಷ್ಟರಲ್ಲಿ ಇಡೀ ರಾಜ್ಯದ ಎಂಜಿನಿಯರಿಂಗ್ ಸೀಟು ಹಂಚಿಕೆ ತಡವಾಗಿತ್ತು. ಪರೀಕ್ಷೆ ಬರೆಯುವ ಮುಂಚೆಯೇ ಹೇಳಬೇಕಾದ ಸೂತ್ರ ರ‍್ಯಾಂಕ್ ಬಂದ ಮೇಲೆ ಕೋರ್ಟಿನಲ್ಲಿ ಹುಟ್ಟಿತು.

ನಮ್ಮ ಕಡೆ ಕಾಫಿ ಬೆಳೆಗಾರ ಚೆರಿ ಮೂಟೆ ತೂಕಕ್ಕೆ ಇಡುವ ಮೊದಲೇ ಔಟ್‌ಟರ್ನ್, ಅಂದರೆ ಚೆರಿಯಿಂದ ಸಿಗುವ ಬೀಜದ ಪ್ರಮಾಣ, ಹೇಗೆ ಹಿಡಿಯುತ್ತೀರಿ, ತೇವಕ್ಕೆ ಎಷ್ಟು ಕಳೆಯುತ್ತೀರಿ ಎಂದು ಕೇಳಿಕೊಳ್ಳುತ್ತಾನೆ. ಮೂಟೆ ಲಾರಿಗೆ ಏರಿದ ಮೇಲೆ ಲೆಕ್ಕ ಬದಲಾದರೆ ಒಪ್ಪುವುದಿಲ್ಲ. ಮೂರು ವರ್ಷ ಓದುವ ಮಗಳ ಪರವಾಗಿ ಅಷ್ಟು ಕೇಳಲು ನಾವು ಯಾಕೆ ಹಿಂಜರಿಯುತ್ತೇವೆ?

2024–25ರಲ್ಲಿ ಒಂದೇ ಕಾಲೇಜಿನ ಒಳಗೆ ಎರಡನೆಯ, ಮೂರನೆಯ ವರ್ಷದವರಿಗೆ 40–60, ಮೊದಲ ವರ್ಷದವರಿಗೆ 20–80 ನಡೆಯಿತು. ನಾಳೆ ಇವರೆಲ್ಲ ಒಂದೇ ಬಿ.ಎಡ್ ಪಟ್ಟಿಯಲ್ಲಿ, ಒಂದೇ ಎಂ.ಎ. ಪಟ್ಟಿಯಲ್ಲಿ ಸಾಲಾಗಿ ನಿಲ್ಲುತ್ತಾರೆ. ಅಲ್ಲಿ ಒಬ್ಬಳ 60ನ್ನೂ ಇನ್ನೊಬ್ಬಳ 55ನ್ನೂ ಹೇಗೆ ಹೋಲಿಸುತ್ತಾರೆ? ಇದರ ಮೇಲೆ 2023ರಲ್ಲಿ ಶುರುವಾದ ಹಾಸನ ವಿಶ್ವವಿದ್ಯಾನಿಲಯವನ್ನೇ ಮುಚ್ಚಿ ಮೈಸೂರಿಗೆ ಸೇರಿಸುವ ಮಾತು 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿಯಿಂದ ಬಂತು. ರಾಜ್ಯದ ಶಿಕ್ಷಣ ನೀತಿ ರೂಪಿಸಲು ನೇಮಿಸಿದ ಥೋರಟ್ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿರುವುದರಿಂದ ನಿಯಮಗಳನ್ನು ಹೇಗೂ ಮತ್ತೆ ಬರೆಯಬೇಕಾಗುತ್ತದೆ. ಹಾಗೆ ಬರೆಯುವಾಗ ಆಂತರಿಕ ಅಂಕ 40ಕ್ಕೆ ಮರಳಲಿ, ತಪಾಸಣೆಯೊಂದಿಗೆ ಮರಳಲಿ. ದಾಖಲಾತಿಯ ದಿನ ಯಾವ ಸೂತ್ರ ಇತ್ತೋ ಪದವಿ ಮುಗಿಯುವವರೆಗೂ ಅದೇ ನಡೆಯುತ್ತದೆ, ವಿಶ್ವವಿದ್ಯಾನಿಲಯದ ಹೆಸರು ಬದಲಾದರೂ ಅದು ಬದಲಾಗುವುದಿಲ್ಲ ಎಂದು ಪ್ರವೇಶದ ರಸೀದಿಯ ಜೊತೆಗೇ ಲಿಖಿತವಾಗಿ ಕೊಡಲಿ. ಮುಂದಿನ ಸಾಲಿನ ದಾಖಲಾತಿ ಶುರುವಾಗುವ ಮುಂಚೆ ಸಕಲೇಶಪುರ, ಆಲೂರಿನ ಪೋಷಕರು ತಮ್ಮ ಶಾಸಕರನ್ನೂ ಉನ್ನತ ಶಿಕ್ಷಣ ಸಚಿವರನ್ನೂ ಇದನ್ನೇ ಕೇಳಬೇಕು.