135 ಗೆದ್ದವರಿಗೂ ಮೇಲ್ಮನೆಯ ಲೆಕ್ಕ

2023ರ ಮೇ 10ರಂದು ನಾನು ಮೊದಲ ಸಲ ಮತ ಹಾಕಿದೆ. ನಮ್ಮದು ನ್ಯಾಮತಿ ತಾಲ್ಲೂಕು, ಹೊನ್ನಾಳಿ ವಿಧಾನಸಭಾ ಕ್ಷೇತ್ರ. ಫಲಿತಾಂಶ ಬಂದಾಗ ಹೊನ್ನಾಳಿ, ಚನ್ನಗಿರಿ, ಜಗಳೂರು ಮೂರೂ ಕಡೆ ಕಾಂಗ್ರೆಸ್ ಗೆದ್ದಿತ್ತು. ರಾಜ್ಯದಲ್ಲಿ 224ಕ್ಕೆ 135 ಸ್ಥಾನ. ‘ಇನ್ನು ಐದು ವರ್ಷ ಇವರು ಹೇಳಿದ್ದೇ ಕಾನೂನು’ ಎಂದು ಹಾಸ್ಟೆಲ್‌ನಲ್ಲಿ ಮಾತಾಡಿಕೊಂಡೆವು. ಆ ಮಾತು ಅರ್ಧ ಮಾತ್ರ ನಿಜವಾಯಿತು.

ನಿಜವಾದದ್ದು ಗ್ಯಾರಂಟಿಗಳ ವಿಷಯದಲ್ಲಿ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡುವ ಯುವನಿಧಿಗೆ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಸಿಕ್ಕಿತು. ಇಂಥ ಯೋಜನೆಗೆ ಸರ್ಕಾರಿ ಆದೇಶ ಮತ್ತು ಬಜೆಟ್‌ನಲ್ಲಿ ಹಣ ಇದ್ದರೆ ಸಾಕು. ಧನ ವಿಧೇಯಕವನ್ನು ವಿಧಾನ ಪರಿಷತ್ತು 14 ದಿನಕ್ಕಿಂತ ಹೆಚ್ಚು ಹಿಡಿದಿಟ್ಟುಕೊಳ್ಳುವಂತಿಲ್ಲ.

ಕಾನೂನು ತಿದ್ದುವುದು ಬೇರೆ ಮಾತು. ದೊಡ್ಡ ಆದಾಯದ ದೇವಸ್ಥಾನಗಳಿಂದ ಸಾಮಾನ್ಯ ನಿಧಿಗೆ ಹೆಚ್ಚು ಪಾಲು ಪಡೆಯುವ ಧಾರ್ಮಿಕ ದತ್ತಿ ತಿದ್ದುಪಡಿ ವಿಧೇಯಕ ವಿಧಾನಸಭೆಯಲ್ಲಿ ಸುಲಭವಾಗಿ ಪಾಸಾಯಿತು. 2024ರ ಫೆಬ್ರುವರಿ 23ರಂದು ಪರಿಷತ್ತಿನಲ್ಲಿ ಧ್ವನಿಮತದಲ್ಲಿ ಬಿದ್ದುಹೋಯಿತು. 75 ಸದಸ್ಯರ ಆ ಮನೆಯಲ್ಲಿ ಬಿಜೆಪಿ, ಜೆಡಿಎಸ್ ಸೇರಿದರೆ ಆಗ ಆಡಳಿತ ಪಕ್ಷಕ್ಕಿಂತ ಹೆಚ್ಚು ಜನ ಇದ್ದರು. ಸಂವಿಧಾನದ 197ನೇ ವಿಧಿ ಪ್ರಕಾರ ವಿಧಾನಸಭೆ ಮತ್ತೊಮ್ಮೆ ಅಂಗೀಕರಿಸಬಹುದು. ಕೊನೆಗೆ ಅದರ ಮಾತೇ ನಡೆಯುತ್ತದೆ. ಹಾಗೇ ಮತ್ತೆ ಅಂಗೀಕರಿಸಿದರು. ಆದರೆ ಮಾರ್ಚ್‌ನಲ್ಲಿ ರಾಜಭವನದಿಂದ ವಾಪಸ್ ಬಂತು.

ಕಾಂಗ್ರೆಸ್ಸಿಗೆ ಮಾತ್ರ ಹೀಗಾಯಿತು ಅಂದುಕೊಳ್ಳಬೇಡಿ. ಬಿಜೆಪಿ ಸರ್ಕಾರದ ಮತಾಂತರ ನಿಷೇಧ ವಿಧೇಯಕ 2021ರ ಡಿಸೆಂಬರ್‌ನಲ್ಲಿ ವಿಧಾನಸಭೆ ದಾಟಿತು. ಮೇಲ್ಮನೆಯಲ್ಲಿ ಸಂಖ್ಯೆ ಸಾಲದೆ ಮೇ 2022ರಲ್ಲಿ ಸುಗ್ರೀವಾಜ್ಞೆ ಹೊರಡಿಸಿದರು. ಪರಿಷತ್ತಿನ ಒಪ್ಪಿಗೆ ಸಿಕ್ಕಿದ್ದು ಸೆಪ್ಟೆಂಬರ್‌ನಲ್ಲಿ.

ಆಸ್ಟ್ರೇಲಿಯಾದಲ್ಲಿ ಈ ತೊಡಕು ಇನ್ನೂ ದೊಡ್ಡದು. 2025ರ ಮೇನಲ್ಲಿ ಆಲ್ಬನೀಸ್ ಅವರ ಲೇಬರ್ ಪಕ್ಷ ಕೆಳಮನೆಯ 150ರಲ್ಲಿ 94 ಗೆದ್ದರೂ 76 ಸ್ಥಾನಗಳ ಸೆನೆಟ್‌ನಲ್ಲಿ ಬಹುಮತಕ್ಕೆ ಬೇಕಾದ 39 ಅವರ ಬಳಿ ಇಲ್ಲ. ಅಲ್ಲಿನ ಸೆನೆಟ್ ಬಜೆಟ್ಟನ್ನೂ ತಡೆಯಬಲ್ಲದು. ನಮ್ಮ ಪರಿಷತ್ತು ಹೆಚ್ಚೆಂದರೆ ತಡ ಮಾಡಬಹುದು, ಆದರೆ ಆ ತಡದಲ್ಲೇ ಸರ್ಕಾರದ ಹುರುಪು ಇಳಿದಿರುತ್ತದೆ.

ಹಾಗೆಂದು ಎಲ್ಲ ತಪ್ಪೂ ಮೇಲ್ಮನೆಯದಲ್ಲ. ನಮ್ಮಂಥವರಿಗೆ ಹತ್ತಿರದ ವಿಧೇಯಕವೆಂದರೆ ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲಾತಿ. 2024ರ ಜುಲೈನಲ್ಲಿ ಸಂಪುಟ ಒಪ್ಪಿತು. ಉದ್ಯಮಿಗಳು ಗಲಾಟೆ ಮಾಡಿದ್ದೇ ತಡ, ಎರಡೇ ದಿನದಲ್ಲಿ ತಡೆಹಿಡಿದರು. ಅದು ಯಾವ ಮನೆಯ ಬಾಗಿಲಿಗೂ ಹೋಗಲಿಲ್ಲ.

ಇದೆಲ್ಲ ಓದಿದ ಮೇಲೆ ನನಗೆ ಕಾಡಿದ್ದು ಬೇರೆಯೇ. ಆ 75ರಲ್ಲಿ 7 ಜನರನ್ನು ಆರಿಸುವವರು ಪದವೀಧರರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ನೈಋತ್ಯ ಪದವೀಧರ ಕ್ಷೇತ್ರಕ್ಕೆ, ಅದೇ ಜಿಲ್ಲೆಯ ಜಗಳೂರು ಆಗ್ನೇಯ ಕ್ಷೇತ್ರಕ್ಕೆ ಸೇರುತ್ತವೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವ ಮೊದಲು ನಾವು ಶಿವಮೊಗ್ಗದವರು, ಅವರು ಚಿತ್ರದುರ್ಗದವರು. ಆ ಹಳೆಯ ಗಡಿ ಇಲ್ಲಿ ಮಾತ್ರ ಉಳಿದುಕೊಂಡಿದೆ.

2024ರ ಜೂನ್ 3ರಂದು ನೈಋತ್ಯಕ್ಕೆ ಮತದಾನ ಇತ್ತು. ಬಿ.ಕಾಂ. ಮುಗಿಸಿ ಐದು ವರ್ಷವಾದ ನನ್ನಕ್ಕ ವೋಟರ್ ಐಡಿ ಹಿಡಿದು ಮತಗಟ್ಟೆಗೆ ಹೋದಳು. ‘ಫಾರಂ 18 ತುಂಬಿದ್ದಿರಾ?’ ಎಂದು ಕೇಳಿದರು. ಅವಳು ಆ ಹೆಸರನ್ನೇ ಕೇಳಿರಲಿಲ್ಲ. ವಿಧಾನಸಭೆಯ ಪಟ್ಟಿ ಇಲ್ಲಿಗೆ ಬರುವುದಿಲ್ಲ, ಪ್ರತಿ ಚುನಾವಣೆಗೂ ಹೊಸದಾಗಿ ಹೆಸರು ಸೇರಿಸಬೇಕು. ನೋಂದಣಿ ವರ್ಷದ ನವೆಂಬರ್ 1ಕ್ಕೆ ಪದವಿ ಮುಗಿದು ಮೂರು ವರ್ಷ ಆಗಿರಬೇಕು.

ನೈಋತ್ಯಕ್ಕೆ ಮುಂದಿನ ಚುನಾವಣೆ 2030ರಲ್ಲಿ. 2026ರಲ್ಲಿ ನನ್ನ ಬಿಇ ಮುಗಿದರೆ ಸರಿಯಾಗಿ ಮೂರು ವರ್ಷ ತುಂಬುತ್ತದೆ. ಒಂದೇ ಒಂದು ಬ್ಯಾಕ್‌ಲಾಗ್ ಉಳಿದರೆ ನನ್ನ ಸರದಿ 2036ಕ್ಕೆ! ಆಗ್ನೇಯದ ಚುನಾವಣೆ ಇನ್ನೂ ಹತ್ತಿರ, 2026ರಲ್ಲೇ. ಜಗಳೂರಿನ ನನ್ನ ರೂಮ್‌ಮೇಟ್‌ನ ಅಣ್ಣ 2022ರಲ್ಲಿ ಪದವಿ ಮುಗಿಸಿದವನು. ಕಳೆದ ಭಾನುವಾರ ಅವನಿಗೆ ಫೋನ್ ಮಾಡಿ ಮಾರ್ಕ್ಸ್‌ಕಾರ್ಡ್ ಹುಡುಕಿಡಲು ಹೇಳಿದ್ದೇವೆ.